ಮಾವನ ಜೇಬಿನ ಮುದ್ರೆ

ಮಾವನ ಅಂಗಿಯ ಜೇಬಿನಲ್ಲಿರುವ ಆ ಉಕ್ಕಿನ ಕಡ್ಡಿಯನ್ನು ಕಿತ್ತುಕೊಂಡು ಚರಂಡಿಗೆ ಎಸೆದುಬಿಡಬೇಕು ಎಂದು ಸೊಸೆಗೆ ದಿನಕ್ಕೊಮ್ಮೆಯಾದರೂ ಅನ್ನಿಸುತ್ತಿತ್ತು. ಬೆರಳುದ್ದದ ಕಡ್ಡಿ, ತುದಿಯಲ್ಲಿ ಒಂದು ಎಲೆಯ ಗುರುತು, ಅಷ್ಟೇ. ಕೈಯಿಂದ ಮಾಡಿದ ತಂಬಾಕಿನ ಪೈಪಿನ ಕತ್ತಿನ ಮೇಲೆ ಅದನ್ನಿಟ್ಟು ಸುತ್ತಿಗೆಯಿಂದ ಒಂದೇಟು ಕೊಟ್ಟರೆ ಆ ಪೈಪು ಈ ಮನೆಯದು ಎಂದು ಅರ್ಥ. ಆಮೇಲೆ ಅದು ತಂಬಾಕಿನ ಅಂಗಡಿಯ ಗಾಜಿನ ಕಪಾಟಿನಲ್ಲಿ ಮಖಮಲ್ಲಿನ ಮೇಲೆ ಕೂರುತ್ತದೆ. ಏಟು ಬೀಳದ ಪೈಪು ಅದೇ ಅಂಗಡಿಯ ಬಾಗಿಲ ಬಳಿಯ ಬುಟ್ಟಿಗೆ ಹೋಗುತ್ತದೆ. ಅಲ್ಲಿ ಕೆಟ್ಟ ಲೈಟರು, ಹೋದ ವರ್ಷದ ಕ್ಯಾಲೆಂಡರುಗಳ ಜೊತೆಗೆ ಸೊಸೆ ಮಾಡಿದ ಪೈಪುಗಳು ಹೇಳಹೆಸರಿಲ್ಲದೆ ಬಿದ್ದಿರುತ್ತಿದ್ದವು. ಅವಳಿಗೆ ಬೇಕಾಗಿದ್ದದ್ದು ಆ ಒಂದು ಏಟು ಮಾತ್ರ. ಅವಳ ಒಂದೇ ಒಂದು ಪೈಪಿನ ಮೇಲೂ ಅದು ಬಿದ್ದಿರಲಿಲ್ಲ.

ಈ ಮನೆಗೆ ಬಂದಾಗ ಪೈಪು ಎಂದರೆ ನಲ್ಲಿಯ ಪೈಪು ಎಂದೇ ಅವಳು ತಿಳಿದಿದ್ದಳು. ತವರಿನಲ್ಲಿ ಅಪ್ಪ ಬೀಗ ರಿಪೇರಿ ಮಾಡುತ್ತಿದ್ದ, ಹಾಗಾಗಿ ಅರ ಹಿಡಿಯುವುದು ಮಾತ್ರ ಅವಳಿಗೆ ನೀರು ಕುಡಿದಷ್ಟು ಸಲೀಸು. ಮದುವೆಯಾದ ಹೊಸದರಲ್ಲಿ ಮಹಡಿಯ ಮನೆಯಲ್ಲಿ ಅತ್ತೆಯ ಎದುರು ಕೂತು ಕೂತು ತಲೆ ಚಿಟ್ಟು ಹಿಡಿದು ಕೆಳಗಿನ ಕಾರ್ಖಾನೆಗೆ ಇಳಿದು ಬಂದಳು. ಕಾರ್ಖಾನೆ ಎಂದರೆ ದೊಡ್ಡದೇನಲ್ಲ. ಬೀದಿಗೆ ತೆರೆದ ಒಂದು ಉದ್ದನೆ ಕೋಣೆ, ಕಿಟಕಿಯ ಕೆಳಗೆ ಎರಡು ಮೇಜು, ಒಂದು ಲೇತ್, ಗೋಡೆಯ ತುಂಬ ಅರ, ಬೈರಿಗೆಗಳು, ಮೂಲೆಯಲ್ಲಿ ಒಲೆ, ಎಲ್ಲದರ ಮೇಲೂ ಕಂದು ಬಣ್ಣದ ಹುಡಿ. ಮಾವ ಅವಳ ಕೈಗೆ ಬಾಯಿತುಂಡಿನ ಕೆಲಸ ಕೊಟ್ಟರು. ಅದು ಗಟ್ಟಿ ಕರಿ ರಬ್ಬರಿನದು. ಹಲ್ಲಿನ ನಡುವೆ ಇದೆ ಎಂಬುದೇ ಮರೆತುಹೋಗುವಷ್ಟು ತೆಳ್ಳಗಿರಬೇಕು, ಹಾಗಂತ ಕಚ್ಚಿದರೆ ಮುರಿಯಬಾರದು. ಅವಳು ಮಾಡಿದ ಮೊದಲನೆಯದನ್ನು ಮಾವ ಬೆಳಕಿಗೆ ಹಿಡಿದು ನೋಡಿ, "ಇದೇನು, ಬಾಗಿಲಿಗೆ ಇಡೋ ಬೆಣೆನಾ?" ಎಂದು ಕೇಳಿ ವಾಪಸು ಕೊಟ್ಟಿದ್ದರು.

ಆಗಿನ ಬೈಗುಳ ನ್ಯಾಯವಾದದ್ದು, ಅದರಲ್ಲಿ ಎರಡು ಮಾತಿಲ್ಲ. ಬೈದು ಬೈದೇ ಕಲಿಸಿದರು. ಕೆಲವು ವರ್ಷಗಳ ನಂತರ ಮಾವನ ಕೈ ನಡುಗತೊಡಗಿದಾಗ ತಂಬಾಕು ತುಂಬುವ ಬಟ್ಟಲಿನ ಕೆಲಸವೂ ಅವಳ ಮೇಜಿಗೆ ಬಂತು. ಅದಕ್ಕೆ ಬೇಕಾದದ್ದು ಮಾಮೂಲಿ ಮರವಲ್ಲ, ಕಲ್ಲುನೆಲದಲ್ಲಿ ಬೆಳೆಯುವ ಒಂದು ಕುರುಚಲು ಗಿಡದ ಬೇರಿನ ಗಂಟು, ಬೆಂಕಿಗೆ ಸುಲಭಕ್ಕೆ ಜಗ್ಗದ ಜಾತಿ. ಅದನ್ನು ಕುದಿಸಿ, ಹಿಂದಿನ ಕೋಣೆಯ ಕತ್ತಲಲ್ಲಿ ವರ್ಷಗಟ್ಟಲೆ ಒಣಗಿಸಿ, ಆಮೇಲೆ ಒದ್ದೆ ಬಟ್ಟೆಯಿಂದ ಒರೆಸಿದರೆ ಒಳಗಿನ ಗೆರೆಗಳು ಎದ್ದು ಬರುತ್ತವೆ. ಗೆರೆ ಯಾವ ಕಡೆ ಓಡುತ್ತದೋ ಪೈಪು ಆ ಕಡೆಗೇ ನಿಲ್ಲಬೇಕು. ನೀವು ಮನಸ್ಸಿನಲ್ಲಿ ನೀಳವಾದ ಚೆಂದದ ಆಕಾರವೊಂದನ್ನು ಕಟ್ಟಿಕೊಂಡು ಕೂತಿರುತ್ತೀರಿ. ಗಂಟು ತಾನು ಗಿಡ್ಡವೇ ಆಗುವುದು ಎಂದು ಹಟ ಹಿಡಿಯುತ್ತದೆ. ಎಲ್ಲ ಮುಗಿದು ಕೊನೆಯ ಉಪ್ಪುಕಾಗದ ಉಜ್ಜುವಾಗ ಬಟ್ಟಲಿನ ಮುಖದ ಮೇಲೇ ಸಾಸಿವೆಯಷ್ಟು ಹುಳುಕು ಹಲ್ಲು ಕಿರಿಯುವುದೂ ಉಂಟು. ಅಷ್ಟು ದಿನದ ಕೆಲಸ ಒಲೆಯ ಪಾಲು. ಈ ಕಸುಬು ಮನುಷ್ಯರ ತಾಳ್ಮೆ ಪರೀಕ್ಷಿಸಲೆಂದೇ ಹುಟ್ಟಿದ್ದು, ಅದು ಸಾಲದು ಎಂಬಂತೆ ಮೇಲೆ ಮಾವ ಬೇರೆ.

ಇನ್ನು ಹೊಗೆದಾರಿ. ಬಟ್ಟಲಿನ ತಳದಿಂದ ಕತ್ತಿನೊಳಗೆ ಹಾದು ಬಾಯಿತುಂಡಿನ ತುದಿಯವರೆಗೆ ಹೋಗುವ ಸಣ್ಣ ತೂತು ಅದು. ತಳದ ನಟ್ಟನಡುವೆಯೇ ಬಂದು ತೆರೆಯಬೇಕು. ಕೂದಲೆಳೆಯಷ್ಟು ಮೇಲಾದರೂ ತಳದ ತಂಬಾಕು ಉರಿಯದೆ ಕೊಚ್ಚೆಯಾಗುತ್ತದೆ. ತೂತು ಸಣ್ಣದಾದರೆ ಸೇದುವವನ ಕೆನ್ನೆ ಗುಳಿ ಬೀಳುತ್ತದೆ. ದೊಡ್ಡದಾದರೆ ಬೆಂಕಿ ಭಗ್ಗೆಂದು ಉರಿದು ನಾಲಿಗೆ ಸುಡುತ್ತದೆ, ಬೂದಿ ಬಾಯಿಗೆ ಬರುತ್ತದೆ. ಇದನ್ನೆಲ್ಲ ನೋಡುವುದಕ್ಕೆ ಮಾವನದು ಒಂದೇ ಪರೀಕ್ಷೆ. ಖಾಲಿ ಪೈಪನ್ನು ತುಟಿಗಿಟ್ಟು, ಕಣ್ಣು ಮುಚ್ಚಿ, ಉದ್ದಕ್ಕೆ ಉಸಿರೆಳೆಯುವುದು. ಗಾಳಿ ತಡೆಯಿಲ್ಲದೆ, ಸದ್ದಿಲ್ಲದೆ ಬಂದರೆ ಮುದ್ರೆ.

ಮೊದಲ ವರ್ಷ ತೂತು ಮೇಲಾಯಿತು, ಗೋಡೆ ತೆಳುವಾಯಿತು, ಕತ್ತು ಸೊಟ್ಟಗಾಯಿತು ಎಂದು ದಿನಕ್ಕೊಂದು ದೂರು. ಅವೆಲ್ಲ ಒಂದೊಂದಾಗಿ ತಿದ್ದಿಹೋದವು. ಇನ್ನೇನು ಮುದ್ರೆ ಬಿತ್ತು ಎನ್ನುವ ಹೊತ್ತಿಗೆ ಮಾವನಿಗೆ ಹೊಸ ಮಾತೊಂದು ಸಿಕ್ಕಿತು. "ಬಿಗಿ." ಪೈಪು ತುಟಿಗಿಡುವುದು, ಎಳೆಯುವುದು, "ಬಿಗಿ" ಎನ್ನುವುದು, ಬುಟ್ಟಿಗೆ ಹೋಗುವವುಗಳ ಡಬ್ಬಿಗೆ ಹಾಕುವುದು. ಗಿಡ್ಡದ್ದಾಗಲಿ ಉದ್ದದ್ದಾಗಲಿ, ನೆಟ್ಟಗಿನದ್ದಾಗಲಿ ಬಿಸಿ ಮರಳಲ್ಲಿಟ್ಟು ಬಾಗಿಸಿದ್ದಾಗಲಿ, ತೀರ್ಪು ಅದೊಂದೇ. ಹೀಗೆಯೇ ಒಂದು ವರ್ಷ ಕಳೆಯಿತು.

"ಮಾವ, ನೀವು ಕೊರೀತಿದ್ದ ಬೈರಿಗೆಯಲ್ಲೇ ಕೊರ್ದಿದೀನಿ," ಎಂದು ಅವಳು ಬೈರಿಗೆಯನ್ನೇ ಮುಖದ ಮುಂದೆ ಹಿಡಿದು ತೋರಿಸಿದಳು.

"ಬೈರಿಗೆ ನಂದೇ. ಕೈ ನಂದಲ್ವಲ್ಲ."

"ನಾನು ಎಳೆದು ನೋಡ್ದೆ. ಸಲೀಸಾಗಿ ಬರತ್ತೆ."

"ಜನ್ಮದಲ್ಲಿ ಒಂದು ಪೈಪು ಸೇದಿದವಳಲ್ಲ, ನಿನಗೇನು ಗೊತ್ತು ಎಳೆತ?"

ಹೊಗೆ ಕಂಡರೆ ಅವಳಿಗೆ ಆಗುತ್ತಿರಲಿಲ್ಲ, ಅದು ನಿಜ. ಆದರೆ ಮಾವ ತಾವೇ ಸೇದುವುದನ್ನು ಬಿಟ್ಟು ತಿಂಗಳುಗಳಾಗಿತ್ತು. ನಾಲಿಗೆಗೆ ರುಚಿ ಹೋಗಿದೆ ಎನ್ನುತ್ತಿದ್ದರು. ರುಚಿ ಹೋದ ನಾಲಿಗೆಯಲ್ಲಿ ಊರಿನ ಪೈಪಿನ ತೀರ್ಪು ಕೊಡಲು ಮಾತ್ರ ಅಡ್ಡಿಯಿಲ್ಲ ಎಂದು ಅವಳು ಮನಸ್ಸಿನಲ್ಲೇ ಗೊಣಗಿಕೊಂಡು ಮತ್ತೊಂದು ಗಂಟಿಗೆ ಕೈ ಹಾಕಿದಳು.

ಗಂಡನಿಗೆ ಹೇಳಿದರೆ ಅವನು ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗೆ ಮಾತಾಡುವವನು. ಪೈಪುಗಳನ್ನು ಅಂಗಡಿಗಳಿಗೆ ಒಯ್ದು ಕೊಟ್ಟು ಬರುವುದು ಅವನ ಕೆಲಸ. ಯಾವ ಪ್ರಶ್ನೆಗೂ "ನೋಡೋಣ" ಎನ್ನುವುದು ಅವನ ಉತ್ತರ. ಅಂಗಡಿಯವರೆಲ್ಲ ಅವನನ್ನು 'ನೋಡೋಣ' ಎಂದೇ ಕರೆಯುತ್ತಿದ್ದರು.

"ನೀವೊಂದು ಮಾತು ಅಪ್ಪನಿಗೆ ಹೇಳಿ. ಒಂದೇ ಒಂದಕ್ಕೆ ಹೊಡೀಲಿ."

"ನೋಡೋಣ."

"ಏನು ನೋಡ್ತೀರಿ? ಒಂದು ವರ್ಷದಿಂದ ನೋಡ್ತಾನೇ ಇದೀರಿ."

"ಅಪ್ಪ ಹೇಳ್ತಾರೆ ಅಂದ್ರೆ ಏನೋ ಇರತ್ತೆ. ನೀನೂ ಸ್ವಲ್ಪ ಸಡಿಲ ಮಾಡಿ ನೋಡು. ಅವರದ್ದೂ ತಪ್ಪಲ್ಲ, ನಿಂದೂ ತಪ್ಪಲ್ಲ."

ಇಂಥವರ ಜೊತೆ ಜಗಳವಾಡುವುದಕ್ಕೂ ಆಗುವುದಿಲ್ಲ. ಅತ್ತೆಯನ್ನು ಕೇಳಿದರೆ ಅವರದ್ದು ಇನ್ನೊಂದು ರಾಗ. "ಅವರು ಹಾಗೇ ಕಣಮ್ಮ," ಎಂದು ಹೇಳಿ ಕೈ ತೊಳೆದುಕೊಂಡುಬಿಡುತ್ತಿದ್ದರು. ಅವರಿಗೆ ಬೇರೆ ಚಿಂತೆಗಳಿದ್ದವು. ಗಂಡ ಈಚೆಗೆ ಮೂರು ದಿಂಬು ಇಟ್ಟುಕೊಂಡು ಕೂತೇ ಮಲಗುತ್ತಾರೆ, ದಿಂಬಿನ ಗವಸು ಒಗೆದು ಒಗೆದು ಸಾಕಾಯಿತು ಎಂದು ಅವರ ಗೋಳು. ಮಾವ ಬೆಳಿಗ್ಗೆ ಕೆಳಗೆ ಬರುವುದೂ ತಡವಾಗತೊಡಗಿತ್ತು. ಮೆಟ್ಟಿಲ ತಿರುವಿನಲ್ಲಿ ಒಂದು ಕಿಟಕಿಯಿದೆ. ಅಲ್ಲಿ ನಿಂತು ಬೀದಿ ನೋಡುತ್ತಾರಂತೆ. ಸೊಸೆ ಕೆಳಗೆ ಅರ ಹಿಡಿದು ಬೆವರು ಸುರಿಸುತ್ತಿದ್ದರೆ ಮೇಲೆ ಇವರಿಗೆ ಬೀದಿ ನೋಡುವ ಚಪಲ ಎಂದು ಅವಳಿಗೆ ಮೈ ಉರಿಯುತ್ತಿತ್ತು.

ಒಂದು ದಿನ ತಂಬಾಕಿನ ಅಂಗಡಿಯವರು ತಾವೇ ಬಂದರು. ಒಳ್ಳೆಯ ಮನುಷ್ಯ, ನಿಧಾನಕ್ಕೆ ಮಾತಾಡುವವರು. ಮಾವನ ಎದುರಿನ ಸ್ಟೂಲಿನ ಮೇಲೆ ಕೂತು, ಹುಡಿ ಅಂಟದಂತೆ ಪ್ಯಾಂಟು ಮೇಲೆಳೆದುಕೊಂಡರು.

"ಕಪಾಟು ಖಾಲಿ ಬಿದ್ದಿದೆ ಯಜಮಾನ್ರೇ. ಮುದ್ರೆ ಇರೋ ಪೈಪು ಒಂದೂ ಬರ್ತಿಲ್ಲ. ಗಿರಾಕಿಗಳು ಕೇಳಿ ಕೇಳಿ ಹೋಗ್ತಾರೆ."

"ಮಾಲು ಸರಿಯಾದ ದಿನ ಬರತ್ತೆ."

"ಈ ತಿಂಗಳ ಕೊನೇವರೆಗೆ ಕಾಯ್ತೀನಿ. ಆಮೇಲೆ ಅಲ್ಲಿ ಕೀಚೈನ್ ಇಡಬೇಕಾಗತ್ತೆ."

"ಇಟ್ಕೊಳ್ಳಿ," ಎಂದರು ಮಾವ.

ಅಂಗಡಿಯವರು ಸೊಸೆಯ ಮುಖ ನೋಡಿದರು. ಸೊಸೆ ಗಂಡನ ಮುಖ ನೋಡಿದಳು. ಗಂಡ ಗೋಡೆಯ ಮೇಲಿನ ಅರಗಳನ್ನು ಈಗಷ್ಟೇ ಕಂಡವನಂತೆ ನೋಡುತ್ತಿದ್ದ. ಮೂರು ತಲೆಮಾರು ಪೈಪು ಕೂತ ಜಾಗದಲ್ಲಿ ಕೀಚೈನ್ ಬರುತ್ತದೆ, ಇವರಿಗೆ ಚೂರೂ ಬೇಜಾರಿಲ್ಲ. ಅವಳ ಪಿತ್ತ ನೆತ್ತಿಗೇರಿತು.

ಆ ಸಿಟ್ಟಿನಲ್ಲೇ ಅವಳು ಮಾಡಬಾರದ ಕೆಲಸ ಮಾಡಿದಳು. ಹಿಂದಿನ ಕೋಣೆಯಿಂದ ಒಂದು ಒಳ್ಳೆಯ ಗಂಟನ್ನೇ ತಂದು, ಗೆರೆ ನೋಡಿ, ಗಿಡ್ಡಗೆ ದುಂಡಗೆ ಅಂಗೈಯಲ್ಲಿ ಕೂರುವ ಹಾಗೆ ರೂಪ ಕೊಟ್ಟು, ಹೊಗೆದಾರಿಯನ್ನು ಮಾತ್ರ ದಪ್ಪ ಬೈರಿಗೆಯಲ್ಲಿ ಕೊರೆದಳು. ಬಾಗಿಲ ಕೀಲಿನ ಕೆಲಸಕ್ಕೆ ಇಟ್ಟಿದ್ದ ಬೈರಿಗೆ ಅದು. ಬಾಯಿತುಂಡನ್ನೂ ಅದಕ್ಕೆ ತಕ್ಕಂತೆ ಒಳಗೆಲ್ಲ ಅಗಲ ಮಾಡಿದಳು. ಬಿಗಿ ಬಿಗಿ ಅಂತೀರಲ್ಲ, ತಗೊಳ್ಳಿ. ಇದನ್ನು ತುಟಿಗಿಟ್ಟ ಕೂಡಲೇ ಮಾವ ಉಗಿಯುತ್ತಾರೆ, ಇದೇನು ಚರಂಡಿ ಕೊಳವೆಯೋ ಎಂದು ಕೇಳುತ್ತಾರೆ, ಆಗ ತಾನೂ ಬಾಯಿ ಬಿಟ್ಟು ಒಂದು ವರ್ಷದ್ದನ್ನೆಲ್ಲ ಹೇಳಿಯೇ ಬಿಡುತ್ತೇನೆ ಎಂದು ಲೆಕ್ಕ ಹಾಕಿದ್ದಳು. ಜಗಳಕ್ಕೆ ಬೇಕಾದ ಮಾತುಗಳನ್ನು ಮೇಣ ಹಚ್ಚಿ ಹೊಳಪು ಕೊಡುವಾಗಲೇ ಸಾಲಾಗಿ ಜೋಡಿಸಿಕೊಂಡಳು.

ಮಾವ ಪೈಪು ತೆಗೆದುಕೊಂಡರು. ಹೊರಳಿಸಿ ನೋಡಿದರು. ತುಟಿಗಿಟ್ಟು, ಕಣ್ಣು ಮುಚ್ಚಿ ಎಳೆದರು. ಕಣ್ಣು ತೆರೆದರು. ಇನ್ನೊಮ್ಮೆ ಎಳೆದರು.

"ಈಗ ಕಲಿತೆ ನೀನು," ಎಂದರು.

ಅವಳು ಕೇಳಿದ್ದು ನಿಜವೇ ಎಂದು ತಿಳಿದುಕೊಳ್ಳುವ ಮೊದಲೇ ಜೇಬಿನಿಂದ ಕಡ್ಡಿ ಹೊರಬಂತು. ಕಡ್ಡಿ ಹಿಡಿದ ಎಡಗೈ ನಡುಗದಂತೆ ಮೇಜಿಗೆ ಒತ್ತಿ, ಮಾವ ಬಲಗೈಯಲ್ಲಿ ಸುತ್ತಿಗೆಯೆತ್ತಿ ಒಂದೇಟು ಕೊಟ್ಟರು. ಪೈಪಿನ ಕತ್ತಿನ ಮೇಲೆ ಎಲೆ ಮೂಡಿತು. ಗಂಡ ನಗುತ್ತ ಹತ್ತಿರ ಬಂದ. "ನಾನು ಹೇಳ್ಲಿಲ್ವಾ, ಸ್ವಲ್ಪ ಸಡಿಲ ಮಾಡು ಅಂತ? ಕೊಡಿ, ಈಗ್ಲೇ ಕಪಾಟಿಗೆ ಹೋಗ್ಲಿ," ಎಂದು ಪೈಪು ತೆಗೆದುಕೊಂಡ.

"ಇನ್ನು ಎಲ್ಲಾ ಹೀಗೇ ಕೊರಿ," ಎಂದರು ಮಾವ. ಎರಡು ಸಲ ಎಳೆದದ್ದಕ್ಕೇ ಅವರ ಮೇಲ್ದುಟಿಯ ಮೇಲೆ ಬೆವರು ನಿಂತಿತ್ತು.

ಸೊಸೆ ಆ ಬೆವರನ್ನು ನೋಡಿದಳು. ಪೈಪನ್ನು ಗಂಡನ ಕೈಯಿಂದ ಕಸಿದುಕೊಂಡು ತಾನೇ ತುಟಿಗಿಟ್ಟು ಎಳೆದಳು. ಬಾಗಿಲು ತೆರೆದ ಹಾಗೆ ಗಾಳಿ ನುಗ್ಗಿತು. ಇದನ್ನು ಸರಿ ಎನ್ನಲು ಮಾವನಿಗೆ ಹೇಗೆ ಸಾಧ್ಯ? ಕಣ್ಣು ಮುಚ್ಚಿಕೊಂಡು ಬರೀ ಸದ್ದಿನಲ್ಲೇ ಕೂದಲೆಳೆಯ ವ್ಯತ್ಯಾಸ ಹೇಳುತ್ತಿದ್ದ ಮನುಷ್ಯ. ಆಗ ಅವಳಿಗೆ ಮೂರು ದಿಂಬು ನೆನಪಾಯಿತು. ತಿರುವಿನ ಕಿಟಕಿ ನೆನಪಾಯಿತು. ಸೇದುವುದು ಬಿಟ್ಟದ್ದು ನಾಲಿಗೆಯ ರುಚಿಗಲ್ಲ ಎಂದು ಹೊಳೆಯಿತು. ಪೈಪುಗಳು ಒಂದೂ ಬಿಗಿಯಾಗಿರಲಿಲ್ಲ. ಮಾವನ ಉಸಿರು ಸಾಲುತ್ತಿರಲಿಲ್ಲ.

ಸುಮ್ಮನಿದ್ದುಬಿಡಬಹುದಿತ್ತು. ಮುದ್ರೆ ಸಿಕ್ಕಿತ್ತು, ಕಪಾಟು ಕಾಯುತ್ತಿತ್ತು. ಇನ್ನು ಮುಂದೆ ಪ್ರತಿ ಪೈಪನ್ನೂ ಚರಂಡಿಯ ಹಾಗೆ ಕೊರೆದರೆ ಪ್ರತಿಯೊಂದಕ್ಕೂ ಮುದ್ರೆ ಬೀಳುತ್ತದೆ. ಊರಿನ ನಾಲಿಗೆಯೆಲ್ಲ ಸುಟ್ಟು ಮನೆಯ ಹೆಸರು ಮಣ್ಣುಪಾಲಾಗುತ್ತದೆ, ಅಷ್ಟೇ ತಾನೇ. ಅವಳು ತನ್ನನ್ನು ತಾನೇ ಬೈದುಕೊಂಡು ಮಾವನ ಮೇಜಿನ ಕಡೆ ಹೋದಳು. ಅಲ್ಲಿ ಗೂಟದ ಮೇಲೆ ಮಾವ ತಮಗಾಗಿ ಮಾಡಿಕೊಂಡು ಅರ್ಧ ಆಯುಷ್ಯ ಸೇದಿದ ಪೈಪು ನಿಂತಿತ್ತು. ಕೊರೆಯುವುದೆಂದರೆ ಹೀಗೆ ಎಂದು ಅವಳಿಗೆ ಅವರು ತೋರಿಸಿದ್ದು ಅದನ್ನೇ.

"ಇದನ್ನ ಎಳೀರಿ ಮಾವ."

"ಯಾಕೆ?"

"ಎಳೀರಿ."

ಮಾವ ಎಳೆದರು. ಹುಬ್ಬು ಗಂಟಿಕ್ಕಿತು. "ಕಟ್ಕೊಂಡಿದೆ. ಮಸಿ ಕೂತಿರತ್ತೆ."

ಅವಳು ಅವರ ಎದುರಿಗೇ ಬಾಯಿತುಂಡು ಬಿಚ್ಚಿ ಪೈಪು ಶುಚಿ ಮಾಡುವ ಉದ್ದನೆ ತಂತಿಬತ್ತಿಯನ್ನು ಈ ಕಡೆಯಿಂದ ತೂರಿಸಿ ಆ ಕಡೆಯಿಂದ ತೆಗೆದಳು. ಬತ್ತಿ ಬಿಳಿಯಾಗಿಯೇ ಹೊರಬಂತು. ಮತ್ತೆ ಜೋಡಿಸಿ ಕೊಟ್ಟಳು. ಮಾವ ಈ ಸಲ ಕಣ್ಣು ಮುಚ್ಚಲಿಲ್ಲ. ನಿಧಾನಕ್ಕೆ ಎಳೆದರು, ಅರ್ಧಕ್ಕೆ ನಿಂತರು, ಪೈಪನ್ನು ಮಡಿಲಿಗೆ ಇಳಿಸಿಕೊಂಡರು.

"ಇದೂ ಬಿಗಿ," ಎಂದರು. ಬಿಳಿಯಾಗಿದ್ದ ಬತ್ತಿಯನ್ನು ನೋಡಿ, "ಇದು ಬಿಗಿಯಾಗಕ್ಕೆ ಸಾಧ್ಯ ಇಲ್ಲ," ಎಂದರು.

ಕಾಫಿ ಹಿಡಿದು ಮೆಟ್ಟಿಲಿಳಿಯುತ್ತಿದ್ದ ಅತ್ತೆ ಅಲ್ಲೇ ನಿಂತರು. "ಉಸಿರು ಹಿಡೀತಿದೆ, ಡಾಕ್ಟರಿಗೆ ತೋರಿಸಿ ಅಂತ ನಾನು ಬಡ್ಕೊಂಡೆ. ಕೇಳ್ಬೇಕಲ್ಲ."

"ನಿಮಗೆ ಗೊತ್ತಿತ್ತಾ ಅತ್ತೆ? ನನಗ್ಯಾಕೆ ಹೇಳ್ಲಿಲ್ಲ?"

"ಯಾರಿಗೂ ಹೇಳ್ಬೇಡ ಅಂದಿದ್ರು."

ಎಂಥಾ ಮನೆಗೆ ಬಂದು ಸೇರಿದೆ ನಾನು ಎಂದು ಸೊಸೆಗೆ ಮೈ ಪರಚಿಕೊಳ್ಳುವಂತಾಯಿತು. "ಒಂದು ವರ್ಷ ಮಾವ. ಒಂದು ವರ್ಷ ನಾನು ನನ್ನ ಕೈಯನ್ನೇ ಬೈಕೊಂಡೆ. ಈ ಕೈಗೆ ಏನೋ ಆಗಿದೆ ಅಂತ ಬಿಸಿನೀರಲ್ಲಿ ಅದ್ದಿಟ್ಕೊಂಡು ಕೂತಿದ್ದೆ."

"ನಾನೂ ನಿನ್ನ ಕೈಯೇ ಅಂದ್ಕೊಂಡಿದ್ದೆ," ಎಂದರು ಮಾವ. ಅವರು ಸುಳ್ಳು ಹೇಳುತ್ತಿರಲಿಲ್ಲ. "ಮೆಟ್ಟಿಲು ಹತ್ತಿ ಇಳಿಯುವಾಗ ಉಸಿರು ಸಾಲಲ್ಲ, ಅದು ಗೊತ್ತಿತ್ತು. ಮೆಟ್ಟಿಲು ಬೇರೆ, ಪೈಪು ಬೇರೆ ಅಂದ್ಕೊಂಡಿದ್ದೆ. ಪೈಪು ಬಿಗಿ ಅಂದ್ರೆ ತೂತು ಸರಿಯಿಲ್ಲ ಅಂತ ತಾನೇ?"

ಜೀವಮಾನವಿಡೀ ಎಳೆತ ಬಿಗಿಯಾದಾಗಲೆಲ್ಲ ತೂತನ್ನೇ ನೋಡಿದ ಮನುಷ್ಯ. ಎಳೆಯುವವನ ಕಡೆ ನೋಡಬೇಕು ಎಂದು ಅವರಿಗೆ ಹೊಳೆಯಲೇ ಇಲ್ಲ. ಇಷ್ಟು ದೊಡ್ಡ ಪೆದ್ದುತನಕ್ಕೆ ಬೈಯಬೇಕೋ ಅಳಬೇಕೋ ಅವಳಿಗೆ ತಿಳಿಯಲಿಲ್ಲ.

"ನಾಳೆ ಡಾಕ್ಟರ್ ಹತ್ರ ಹೋಗ್ತಿದೀವಿ," ಎಂದಳು.

"ನೋಡೋಣ," ಎಂದ ಗಂಡ, ಅಭ್ಯಾಸ ಬಲದಿಂದ.

"ನೋಡೋದಿಲ್ಲ. ಹೋಗೋದು."

ಅವಳು ಮೇಜಿನ ಮೇಲಿಟ್ಟಿದ್ದ ಮುದ್ರೆಯ ಪೈಪಿನ ಕಡೆ ಮಾವ ಗದ್ದ ತೋರಿಸಿ, "ಅದು ನಾಲಿಗೆ ಸುಡತ್ತೆ. ಅದರ ಮುದ್ರೆ ತೆಗೆ," ಎಂದರು.

ಅವಳಿಗೆ ಅದು ಗೊತ್ತಿತ್ತು. ಪೈಪನ್ನೆತ್ತಿಕೊಂಡು ತನ್ನ ಮೇಜಿಗೆ ಹೋಗಿ ಕೂತು ಉಪ್ಪುಕಾಗದ ತೆಗೆದುಕೊಂಡಳು. ಆಸೆಪಟ್ಟು ಕಾದ ಎಲೆಯನ್ನು ತನ್ನ ಕೈಯಿಂದಲೇ ಉಜ್ಜಬೇಕು. ಏಟು ಆಳಕ್ಕೇ ಬಿದ್ದಿತ್ತು, ಬೇಗ ಹೋಗಲಿಲ್ಲ. ಕಣ್ಣು ಮಂಜಾಯಿತು. ಹುಡಿ ಬಿತ್ತು ಎಂದು ತೋಳಿನಿಂದ ಒರೆಸಿಕೊಂಡಳು. ಎಲೆ ಹೋದ ಜಾಗವನ್ನು ಬೆರಳಿನಿಂದ ಸವರಿ, ನಯವಾಗಿದೆ ಎಂದು ಖಾತ್ರಿ ಮಾಡಿಕೊಂಡು, ಪೈಪನ್ನು ಒಲೆಗೆ ಹಾಕಿದಳು. ಬೆಂಕಿಗೆ ಜಗ್ಗದ ಮರ, ಹೊತ್ತಿಕೊಳ್ಳಲೂ ತಡಮಾಡಿತು.

"ಡಬ್ಬಿ ತಾ," ಎಂದರು ಮಾವ.

ಬುಟ್ಟಿಗೆ ಇನ್ನೂ ಹೋಗದೆ ಉಳಿದಿದ್ದ, ಬಿಗಿ ಎನ್ನಿಸಿಕೊಂಡ ಪೈಪುಗಳೆಲ್ಲ ಆ ಡಬ್ಬಿಯಲ್ಲಿದ್ದವು. ಅವಳು ತಂದು ಅವರ ಮುಂದಿಟ್ಟಳು. ಮಾವ ಮೇಲಿನದೊಂದನ್ನು ತೆಗೆದು ಅವಳ ಕೈಗೇ ಕೊಟ್ಟರು.

"ಎಳಿ."

"ನಾನಾ?"

"ಮತ್ತೆ ನನ್ನಿಂದ ಆಗತ್ತಾ? ಎಳಿ. ಏನನ್ನಿಸ್ತು ಹೇಳು. ಸುಳ್ಳು ಹೇಳ್ಬೇಡ."

ಅವಳು ಕಣ್ಣು ಮುಚ್ಚಿ ಎಳೆದಳು. ಗಾಳಿ ತಣ್ಣಗೆ, ಸದ್ದಿಲ್ಲದೆ ಬಂತು. "ಸರಿಯಿದೆ," ಎಂದಳು. ಮಾವ ಬೇರೇನೂ ಕೇಳಲಿಲ್ಲ. "ಗಟ್ಟಿಯಾಗಿ ಹಿಡ್ಕೋ," ಎಂದು ಹೇಳಿ ಅವಳು ಹಿಡಿದ ಪೈಪಿನ ಮೇಲೆ ಕಡ್ಡಿಯಿಟ್ಟು ಏಟು ಕೊಟ್ಟರು. ಎರಡನೆಯದು. ಸರಿಯಿದೆ. ಏಟು. ಮೂರನೆಯದನ್ನು ಒರೆಸಿ ಮಾವ ತಾವೇ ಮುಂದೆ ಹಿಡಿದರು. ಏಟು ಬಿದ್ದ ಪ್ರತಿ ಸಲವೂ ಅವಳ ಅಂಗೈ ಜುಮ್ಮೆನ್ನುತ್ತಿತ್ತು. ಸಂತೋಷ ಮಾವನಿಗೆ ಕಾಣಬಾರದೆಂದು ಅವಳು ತಲೆ ಬಗ್ಗಿಸಿ ಮುದ್ರೆ ಬಿದ್ದವನ್ನು ಸಾಲಾಗಿ ಜೋಡಿಸಿದಳು.

ಆಮೇಲೆ ಬಾಗಿದ ಕತ್ತಿನ ಉದ್ದನೆಯದೊಂದು ಬಂತು. ಅವಳಿಗೆ ಎಲ್ಲದಕ್ಕಿಂತ ಇಷ್ಟವಾದದ್ದು ಅದೇ. ಗೆರೆಗಳು ಬಟ್ಟಲಿನ ತಳದಿಂದ ಬಾಯಿಯವರೆಗೆ ನೆಟ್ಟಗೆ ಓಡಿದ್ದವು. ಅದನ್ನು ಮಾಡಿದ ವಾರ ಅವಳಿಗೆ ಊಟ ನಿದ್ದೆ ಸರಿಯಾಗಿರಲಿಲ್ಲ. ಎಳೆದಳು. ಇನ್ನೊಮ್ಮೆ ಎಳೆದಳು. ಬಾಯಿತುಂಡು ಕತ್ತಿಗೆ ಸೇರುವಲ್ಲಿ ಎಲ್ಲೋ ಒಂದು ಸಿಬಿರು ಉಳಿದಿರಬೇಕು, ಗಾಳಿ ಅಲ್ಲಿ ಒಂದಿಷ್ಟು ತಡೆದು ಬರುತ್ತಿತ್ತು. ಇಲ್ಲಿರುವ ಯಾರಿಗೂ ಅದು ಗೊತ್ತಾಗುವ ಹಾಗಿಲ್ಲ. ಗಂಡನಿಗೆ ತಿಳಿಯದು, ಮಾವನಿಗೆ ಉಸಿರಿಲ್ಲ. ಕಡ್ಡಿ ಆಗಲೇ ಕತ್ತಿನ ಹತ್ತಿರ ಬಂದು ಕಾಯುತ್ತಿತ್ತು.

"ಇದು ಬಿಗಿ," ಎಂದಳು ಸೊಸೆ, ಪೈಪನ್ನು ಪಕ್ಕಕ್ಕಿಡುತ್ತ.

"ಆವತ್ತೇ ಹೇಳಿದ್ನಲ್ಲ," ಎಂದರು ಮಾವ.

ಸೊಸೆ ಹಲ್ಲು ಕಚ್ಚಿಕೊಂಡು ಮುಂದಿನದನ್ನು ಕೈಗೆತ್ತಿಕೊಂಡಳು.